ಡೀಸೆಲ್, ಸಿಲಿಂಡರ್ ನಂಬದೆ ಬದುಕಲು ಮಲೆನಾಡಿನ ಒಂದು ಊರು ಎಲ್ಲಿಂದ ಶುರು ಮಾಡಬೇಕು?

ಹಳ್ಳದಕೇರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಿದ್ದಾಪುರ ತಾಲ್ಲೂಕಿನ ಒಂದು ಊರಿನ ಪರವಾಗಿ ಕೇಳುತ್ತಿದ್ದೇನೆ. 62 ಮನೆ, ಸುಮಾರು 240 ಜನ. ಮುಂದಿನ ಐದಾರು ವರ್ಷಗಳಲ್ಲಿ ಡೀಸೆಲ್ ಮತ್ತು ಗ್ಯಾಸ್ ಸಿಲಿಂಡರ್ ಮೇಲಿನ ಅವಲಂಬನೆಯನ್ನು ಹಂತಹಂತವಾಗಿ ಇಳಿಸಬೇಕೆಂದು ಊರಿನ ಸಭೆಯಲ್ಲಿ ತೀರ್ಮಾನವಾಗಿದೆ. ಹಾಲಿನ ಸೊಸೈಟಿ ಸ್ವಲ್ಪ ಹಣ ಹಾಕಲು ಒಪ್ಪಿದೆ.

ಈಗಿನ ಲೆಕ್ಕ ಹೀಗಿದೆ. ದನ, ಎಮ್ಮೆ ಸೇರಿ 110. ಸಿಲಿಂಡರ್ ತಿಂಗಳಿಗೆ 45 ಖರ್ಚಾಗುತ್ತವೆ. ಜೊತೆಗೆ ಬಚ್ಚಲ ಒಲೆಗೆ ಎಲ್ಲರ ಮನೆಯಲ್ಲೂ ಕಟ್ಟಿಗೆ. ಟಿಲ್ಲರ್ 7, ಗದ್ದೆ ಸುಮಾರು 60 ಎಕರೆ, ಉಳಿದದ್ದು ಅಡಿಕೆ ತೋಟ. ಮನೆಗಳಿಗೆಲ್ಲ ಸೇರಿ 63 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಒಂದೇ. ಸೊಸೈಟಿಗೆ ದಿನಕ್ಕೆ 300 ಲೀಟರ್ ಹಾಲು ಬರುತ್ತದೆ, ಕರೆಂಟ್ ಹೋದರೆ ತಣಿಸುವ ಯಂತ್ರಕ್ಕೆ ಡೀಸೆಲ್ ಜನರೇಟರ್. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕತ್ತಲೆ. ಊರಿನ ಮೇಲ್ಗಡೆ ಒಂದು ಹಳ್ಳವಿದೆ, ಜೂನ್‌ನಿಂದ ಜನವರಿ ತನಕ ಚೆನ್ನಾಗಿ ಹರಿಯುತ್ತದೆ.

ಎಲ್ಲರ ಮಾಡಿನ ಮೇಲೂ ಸೋಲಾರ್ ಹಾಕಿಬಿಟ್ಟರೆ ಮುಗಿಯಿತು ಎನ್ನುವವರು ಕೆಲವರು. ಊರಿಗೆಲ್ಲ ಒಂದೇ ದೊಡ್ಡ ಗೋಬರ್ ಗ್ಯಾಸ್ ಕಟ್ಟೋಣ ಎನ್ನುವವರು ಇನ್ನು ಕೆಲವರು. ಯಾವುದು ಮೊದಲು, ಎಷ್ಟು ದೊಡ್ಡದು, ಎಲ್ಲೆಲ್ಲಿ ಕೈಕೊಡುತ್ತದೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

---

ಕೊಟ್ಟಿಗೆ_ಗೊಬ್ಬರ

ಊರಿಗೆಲ್ಲ ಒಂದೇ ಪ್ಲಾಂಟ್ ಎಂಬ ಮಾತಿಗೆ ಮೊದಲು ಉತ್ತರ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡ ಇದನ್ನೇ ಮಾಡಿತ್ತು. ಮೊದಲು ಯೋಚಿಸಿದ್ದು ಎಲ್ಲರ ಅಡುಗೆಗೂ ಗ್ಯಾಸ್ ಕೊಡುವುದು. ಸಿಗುವ ಸಗಣಿಯಲ್ಲಿ ಎಲ್ಲರ ಅಡುಗೆಗೆ ಸಾಲುವಷ್ಟು ಗ್ಯಾಸ್ ಬರಲಿಲ್ಲ, ಅರ್ಧ ಅಡುಗೆಗೆ ಮಾತ್ರ ಗ್ಯಾಸ್ ಸಿಕ್ಕರೆ ಜನರಿಗೆ ಅದು ಬೇಡವಾಯಿತು. 1987ರಲ್ಲಿ ಅದೇ ಗ್ಯಾಸನ್ನು ಎಂಜಿನ್‌ಗೆ ಕೊಟ್ಟು, ಕರೆಂಟ್ ಮಾಡಿ, ಕುಡಿಯುವ ನೀರು ಎತ್ತಲು ಮತ್ತು ದೀಪಕ್ಕೆ ತಿರುಗಿಸಿದರು. ಸಗಣಿ ತಂದವರಿಗೆ ತೂಕ ಮಾಡಿ ದುಡ್ಡು, ಜೊತೆಗೆ ಗ್ಯಾಸ್ ತೆಗೆದು ಉಳಿದ ಸಗಣಿ ನೀರು, ಅಂದರೆ ಬಗ್ಗಡ, ವಾಪಸ್. ಆಮೇಲೆ ಅದು ವರ್ಷಗಟ್ಟಲೆ ನಡೆಯಿತು. ಆದ್ದರಿಂದ ಏನು ಕಟ್ಟುವ ಮೊದಲೂ ನಿಮ್ಮ ಊರಿನ ಸಗಣಿ ಲೆಕ್ಕ ಹಾಕಿ.

110 ಜಾನುವಾರು ಅಂದರೆ ಸರಾಸರಿ 10 ಕಿಲೋದಂತೆ 1,100 ಕಿಲೋ. ಮೇಯಲು ಹೋದಲ್ಲಿ ಬಿದ್ದದ್ದು ಕಳೆದರೆ ಕೊಟ್ಟಿಗೆಯಲ್ಲಿ ಕೈಗೆ ಸಿಗುವುದು 750 ಕಿಲೋ ಎಂದಿಟ್ಟುಕೊಳ್ಳಿ. ಒಂದು ಕಿಲೋ ಹಸಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್, ಒಟ್ಟು ದಿನಕ್ಕೆ 30 ಘನ ಮೀಟರ್. ಅಡುಗೆಗೆ ತಲೆಗೆ ಕಾಲು ಘನ ಮೀಟರ್ ಬೇಕು; 240 ಜನಕ್ಕೆ 60. ಅಂದರೆ ಸರಿಯಾಗಿ ಅರ್ಧ ಊರು. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 450 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. 30 ಘನ ಮೀಟರ್‌ನಿಂದ ತಿಂಗಳಿಗೆ ಹೆಚ್ಚುಕಡಿಮೆ 28 ಸಿಲಿಂಡರ್ ಉಳಿಯುತ್ತದೆ. ಉಳಿದ 17 ಸಿಲಿಂಡರ್‌ನ ಅಡುಗೆಗೆ ಬೇರೆ ದಾರಿ ನೋಡಬೇಕು.

ನನ್ನ ಸಲಹೆ: ಒಂದು ದೊಡ್ಡದು ಬೇಡ, 2 ಘನ ಮೀಟರ್‌ನ ದೀನಬಂಧು ಮಾದರಿ (ನೆಲದಡಿಯ ಇಟ್ಟಿಗೆ ಗುಮ್ಮಟದ್ದು) 15 ಕಟ್ಟಿ. ಒಂದೊಂದಕ್ಕೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು. ಒಂದೊಂದರಿಂದ ನಾಲ್ಕು ಜನರ ಎರಡು ಮನೆಗೆ ಅಡುಗೆ. ಎರಡೇ ದನ ಇರುವವರು ಪಕ್ಕದ ಮನೆಯ ಗುಂಡಿಗೆ ಸಗಣಿ ಹಾಕಿ, ಗ್ಯಾಸನ್ನು ಪೈಪಿನಲ್ಲಿ ತಂದುಕೊಳ್ಳಲಿ. 20 ಎಂಎಂ ಪೈಪ್ 20-25 ಮೀಟರ್ ತನಕ ಸಾಕು, ಅದರಾಚೆಗೆ 25 ಎಂಎಂ ಹಾಕಿ. ಬಗ್ಗಡವನ್ನು ಹಾಕಿದ ಸಗಣಿಯ ಪ್ರಮಾಣದಲ್ಲೇ ಹಂಚಿಕೊಳ್ಳಬೇಕು. ಈ ಒಪ್ಪಂದ ಬಾಯಿಮಾತಿನಲ್ಲಿದ್ದರೆ ಎರಡನೇ ವರ್ಷಕ್ಕೆ ಜಗಳ, ಬರೆದಿಡಿ.

ಒಂದು ಪ್ಲಾಂಟಿಗೆ ಸುಮಾರು 1,000 ಇಟ್ಟಿಗೆ, 14 ಚೀಲ ಸಿಮೆಂಟ್ ಬೇಕು. ಕೆಡುವುದು ಹೆಚ್ಚಾಗಿ ಗುಮ್ಮಟ ಮತ್ತು ತಳ ಸೇರುವ ಸುತ್ತು ಕಟ್ಟಿನಲ್ಲಿ. ಅಲ್ಲಿ ಗಾರೆ ಒಂದೇ ದಿನದಲ್ಲಿ ನಿಲ್ಲಿಸದೆ ಮುಗಿಸಬೇಕು, ಮೂಲೆಯನ್ನು ಚೂಪಾಗಿ ಬಿಡದೆ ದುಂಡಗೆ ಮಾಡಬೇಕು, ಕನಿಷ್ಠ ಎರಡು ವಾರ ನೀರುಣಿಸಬೇಕು. ಗುಮ್ಮಟದ ಒಳಮೈಗೆ ಗ್ಯಾಸ್ ತಡೆಯುವ ಬಣ್ಣ ಎರಡು ಕೋಟ್. ಮೇಲಿನ ಮಣ್ಣನ್ನು ಸುತ್ತಲೂ ಸಮನಾಗಿ ಏರಿಸಿ, ಒಂದೇ ಬದಿಗೆ ಸುರಿದರೆ ಗುಮ್ಮಟ ಸೀಳುತ್ತದೆ.

ಮಲೆನಾಡಿನ ವಿಶೇಷ ತೊಂದರೆ ಮಳೆನೀರು. ಸಗಣಿ ಕಲಸುವ ತೊಟ್ಟಿಗೆ ಮಾಡಿನ ನೀರು ಇಳಿದರೆ ಬಗ್ಗಡ ತೆಳ್ಳಗಾಗಿ, ಕೊಳೆಯುವ ಮೊದಲೇ ಆಚೆ ಹೋಗುತ್ತದೆ. ಆಷಾಢದಲ್ಲಿ ಗ್ಯಾಸ್ ಬರುತ್ತಿಲ್ಲ ಎಂಬ ದೂರಿನ ಹಿಂದೆ ಬಹುಪಾಲು ಇದೇ ಇರುತ್ತದೆ. ತೊಟ್ಟಿಗೆ ಮುಚ್ಚಳ ಇರಲಿ, ಬಾಯಿ ನೆಲಕ್ಕಿಂತ ಒಂದಡಿ ಎತ್ತರವಿರಲಿ. ಗ್ಯಾಸ್ ಪೈಪಿನಲ್ಲಿ ನೀರಿನ ಹನಿ ಕಟ್ಟುತ್ತದೆ. 100 ಅಡಿಗೆ ಒಂದಡಿ ಇಳಿಜಾರು ಕೊಟ್ಟು ತಗ್ಗಿನಲ್ಲಿ ನೀರು ತೆಗೆಯುವ ನಲ್ಲಿ ಹಾಕಿ. ಒಲೆಯ ಜ್ವಾಲೆ ಕುಣಿಯಲು ಶುರುವಾದರೆ ಆ ನಲ್ಲಿ ತೆರೆಯುವ ಹೊತ್ತಾಯಿತು ಎಂದರ್ಥ. ಹುಲ್ಲು, ಅಡಿಕೆ ಸಿಪ್ಪೆ ಒಳಗೆ ಹೋದರೆ ಮೇಲೆ ಕೆನೆಗಟ್ಟಿ ಗ್ಯಾಸ್ ಸಿಕ್ಕಿಕೊಳ್ಳುತ್ತದೆ. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಸೇರಿದರೆ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಡಿಸೆಂಬರ್-ಜನವರಿಯ ಚಳಿಗೆ ಉತ್ಪತ್ತಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಇಳಿಯುತ್ತದೆ. ಗುಮ್ಮಟದ ಮೇಲೆ ಒಣಹುಲ್ಲು ಹೊದಿಸಿ, ಬಿಸಿಲಿಗೆ ಕಾದ ನೀರಿನಲ್ಲಿ ಮಧ್ಯಾಹ್ನ ಕಲಸಿ ಹಾಕಿ.

ಮೊದಲು ಬರುವ ಗ್ಯಾಸ್ ಉರಿಯುವುದಿಲ್ಲ, ಅದರಲ್ಲಿ ಗಾಳಿ ಮತ್ತು ಇಂಗಾಲದ ಡೈಆಕ್ಸೈಡ್ ಹೆಚ್ಚು. ಹೊರಗೆ ಬಿಟ್ಟುಬಿಡಿ, ಬೆಂಕಿ ತೋರಿಸಬೇಡಿ. ಒಲೆ ಗೋಬರ್ ಗ್ಯಾಸಿನದ್ದೇ ಆಗಬೇಕು, ಸಿಲಿಂಡರ್ ಒಲೆಯ ಜೆಟ್ ತೂತು ಇದಕ್ಕೆ ಸಣ್ಣದು. ಇನ್ನೊಂದನ್ನು ಎಲ್ಲ ಮನೆಯವರಿಗೂ ಖಡಾಖಂಡಿತವಾಗಿ ಹೇಳಿ: ಕೆಟ್ಟ ಪ್ಲಾಂಟ್ ನೋಡಲೆಂದು ಯಾರೂ ಗುಂಡಿಯೊಳಗೆ ಇಳಿಯಬಾರದು. ಖಾಲಿ ಕಂಡರೂ ಒಳಗೆ ಉಸಿರಾಡಲು ಗಾಳಿ ಇರುವುದಿಲ್ಲ. ಬಿದ್ದವರನ್ನು ಎತ್ತಲು ಇಳಿದವರೂ ಸಾಯುತ್ತಾರೆ.

---

ಮೀಟರ್_ಬೋರ್ಡ್

ಮೇಲಿನವರು ಬಿಟ್ಟ 17 ಸಿಲಿಂಡರ್‌ನಿಂದ ಮುಂದುವರಿಸುತ್ತೇನೆ. ಒಂದು 14.2 ಕಿಲೋ ಸಿಲಿಂಡರ್ ಮಾಡುವ ಅಡುಗೆಯನ್ನು ಇಂಡಕ್ಷನ್ ಒಲೆಯಲ್ಲಿ ಮಾಡಲು 115ರಿಂದ 130 ಯೂನಿಟ್ ಬೇಕು. 17ಕ್ಕೆ ತಿಂಗಳಿಗೆ ಸುಮಾರು 2,000 ಯೂನಿಟ್. ಇದು ದೊಡ್ಡ ಸಂಗತಿಯಲ್ಲ. ಕಷ್ಟ ಇರುವುದು ಹೊತ್ತಿನಲ್ಲಿ. ಬೆಳಿಗ್ಗೆ ಏಳಕ್ಕೆ 40 ಮನೆಯವರು ಒಟ್ಟಿಗೆ 1.5 ಕಿಲೋವ್ಯಾಟ್ ಒಲೆ ಹಚ್ಚಿದರೆ 60 ಕಿಲೋವ್ಯಾಟ್. ನಿಮ್ಮ 63 ಕೆವಿಎ ಟಿಸಿ ಅಲ್ಲಿಗೇ ಭರ್ತಿ, ಅದರ ಮೇಲೆ ಮಿಕ್ಸರ್, ಗೀಸರ್. ಲೈನಿನ ತುದಿಯ ಮನೆಯಲ್ಲಿ ವೋಲ್ಟೇಜ್ 180ಕ್ಕೆ ಇಳಿದು ಒಲೆ ತಾನೇ ಆರುತ್ತದೆ, ಮರುದಿನದಿಂದ ಆ ಮನೆಯವರು ಮತ್ತೆ ಸಿಲಿಂಡರ್. ಅರ್ಧ ಊರು ಗೋಬರ್ ಗ್ಯಾಸ್‌ಗೆ ಹೋದ ಮೇಲೆ ಉಳಿದ 30 ಮನೆಗಳನ್ನು ಮೂರು ಫೇಸ್‌ಗಳಿಗೆ ಹತ್ತು ಹತ್ತರಂತೆ ಹಂಚಿಸಿ, ಆಮೇಲೆ ಒಲೆ ಕೊಳ್ಳಿ. ಒಲೆಗೆ 16 ಆಂಪ್ ಸಾಕೆಟ್, ಪ್ರತ್ಯೇಕವಾಗಿ 2.5 ಚದರ ಎಂಎಂ ತಾಮ್ರದ ವಯರ್, ಸರಿಯಾದ ಅರ್ಥಿಂಗ್. ಹಳೇ ಮನೆಗಳ ದೀಪದ ವಯರಿಗೆ ಸಿಕ್ಕಿಸಿದರೆ ಮಾಡಿನ ಕೆಳಗೆ ವಯರ್ ಸುಡುತ್ತದೆ.

ಅನ್ನಕ್ಕೆ ಒಂದು ಸುಲಭ ಉಪಾಯ: ಕುದಿ ಬಂದು ಐದು ನಿಮಿಷವಾದ ಮೇಲೆ ಪಾತ್ರೆಯನ್ನು ಒಣಹುಲ್ಲು ಒತ್ತಿ ತುಂಬಿದ ಪೆಟ್ಟಿಗೆಯಲ್ಲಿಟ್ಟು ಮೇಲೂ ಹುಲ್ಲಿನ ದಿಂಬು ಮುಚ್ಚಿ. ಅದೇ ಶಾಖದಲ್ಲಿ ಬೇಯುತ್ತದೆ, ಒಲೆ ಉರಿಯುವ ಸಮಯ ಅರ್ಧವಾಗುತ್ತದೆ. ಬಚ್ಚಲ ಒಲೆಯನ್ನು ಅಸ್ತ್ರ ಮಾದರಿಗೆ (ಅದೇ ತಂಡದ, ಕಡಿಮೆ ಕಟ್ಟಿಗೆ ಸಾಕಾಗುವ ಒಲೆ) ಬದಲಿಸಿದರೆ ಬೆಟ್ಟದ ಕಟ್ಟಿಗೆಯೂ ಉಳಿಯುತ್ತದೆ.

ಈಗ ಮಾಡಿನ ಸೋಲಾರ್. ಜನ ಕೇಳದೆ ಹೋಗುವ ಮಾತೊಂದಿದೆ: ಲೈನಿಗೆ ಜೋಡಿಸಿದ ಸಾಮಾನ್ಯ ಸೋಲಾರ್, ಲೈನ್ ಹೋದ ಕ್ಷಣ ತಾನೂ ನಿಲ್ಲುತ್ತದೆ. ಲೈನ್‌ಮನ್ ಕಂಬದ ಮೇಲಿದ್ದಾಗ ಕರೆಂಟ್ ಹಿಂದಕ್ಕೆ ಹರಿಯಬಾರದೆಂದು ಇನ್ವರ್ಟರ್‌ಗಳನ್ನು ಹಾಗೆಯೇ ಮಾಡಿರುತ್ತಾರೆ. ಮರ ಬಿದ್ದ ದಿನ 62 ಮನೆಯ ಪ್ಯಾನಲ್ ಬಿಸಿಲಲ್ಲಿದ್ದರೂ ಊರಿಗೆ ಒಂದು ದೀಪ ಉರಿಯುವುದಿಲ್ಲ. ಕತ್ತಲೆಗೆ ಮದ್ದು ಬೇಕಿದ್ದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಎಲ್ಲರಿಗೂ ಅದು ದುಬಾರಿ. ಸೊಸೈಟಿ, ಶಾಲೆ, ಕುಡಿಯುವ ನೀರಿನ ಪಂಪ್ ಈ ಮೂರಕ್ಕೆ ಮೊದಲು ಮಾಡಿ. 48 ವೋಲ್ಟ್ 100 ಆಂಪ್-ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಒಂದರಲ್ಲಿ ಸುಮಾರು 5 ಯೂನಿಟ್ ಹಿಡಿಯುತ್ತದೆ.

ಎರಡನೆಯದು ತಿಂಗಳಿನ ಲೆಕ್ಕ. ಒಂದು ಕಿಲೋವ್ಯಾಟ್ ಪ್ಯಾನಲ್ ಫೆಬ್ರವರಿ-ಏಪ್ರಿಲ್‌ನಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಟ್ಟರೆ ನಿಮ್ಮ ಕಡೆಯ ಜುಲೈಯಲ್ಲಿ ಒಂದೂವರೆ-ಎರಡು. ನಿಮಗೆ ಕರೆಂಟ್ ಕೈಕೊಡುವುದೂ ಅದೇ ಜುಲೈಯಲ್ಲಿ. ಆದರೆ ಆ ತಿಂಗಳು ಹಳ್ಳ ತುಂಬಿ ಹರಿಯುತ್ತಿರುತ್ತದೆ, ಆ ನೀರಿನಿಂದ ಚಕ್ರ ತಿರುಗಿಸಿ ಕರೆಂಟ್ ಮಾಡಬಹುದು. ಬಯಲುಸೀಮೆಯವರಿಗೆ ಈ ಭಾಗ್ಯವಿಲ್ಲ. ಹಳ್ಳದ ನೀರು ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಎತ್ತರದಿಂದ ಇಳಿಯುತ್ತದೆ ಹೇಳಿ. ಸೋಲಾರ್ ಎಷ್ಟು ಬೇಕೆಂಬುದು ಅದಾದ ಮೇಲೆ ಗೊತ್ತಾಗುತ್ತದೆ.

ಹಾಲಿನ ಯಂತ್ರಕ್ಕೆ: 300 ಲೀಟರ್ ಹಾಲನ್ನು 35 ಡಿಗ್ರಿಯಿಂದ 4ಕ್ಕೆ ಇಳಿಸಲು ತೆಗೆಯಬೇಕಾದ ಶಾಖ ಸುಮಾರು 10.5 ಯೂನಿಟ್‌ನಷ್ಟು. ಅದೇ ಕೆಲಸವನ್ನು ಮಂಜುಗಡ್ಡೆ ಮಾಡುವುದಾದರೆ ಸೋರಿಕೆ ಸೇರಿ 130 ಕಿಲೋ ಬೇಕು. ಹಗಲು ಬಿಸಿಲಿದ್ದಾಗ ಅಥವಾ ಲೈನ್ ಇದ್ದಾಗ ತೊಟ್ಟಿಯಲ್ಲಿ ಮಂಜು ಕಟ್ಟಿಸಿಟ್ಟುಕೊಂಡು ಸಂಜೆ, ಬೆಳಿಗ್ಗೆ ಹಾಲಿಗೆ ಬಳಸುವ ಯಂತ್ರಗಳಿವೆ. ಮುಂದಿನ ಸಲ ಯಂತ್ರ ಬದಲಿಸುವಾಗ ಅಂಥದ್ದನ್ನೇ ಕೇಳಿ. ಬ್ಯಾಟರಿಗಿಂತ ಮಂಜು ಅಗ್ಗ, ಹಳತಾಗಿ ಕೆಡುವುದೂ ಇಲ್ಲ.

---

ಹಳ್ಳದಕೇರಿ

ಇಬ್ಬರಿಗೂ ತುಂಬ ಉಪಕಾರವಾಯಿತು. ಹಳ್ಳಕ್ಕೆ 200 ಲೀಟರ್ ಡ್ರಮ್ ಹಿಡಿದರೆ ಈಗ, ಜನವರಿ ಕೊನೆಯಲ್ಲಿ, 20 ಸೆಕೆಂಡಿಗೆ ತುಂಬುತ್ತದೆ. ನೀರು ತಿರುಗಿಸಬಹುದಾದ ಕಲ್ಲಿನಿಂದ ಕೆಳಗಿನ ಸಮತಟ್ಟು ಜಾಗಕ್ಕೆ ಪೈಪ್ ದೂರ 100 ಮೀಟರ್, ಎತ್ತರ 20 ಮೀಟರ್ ಅಂದಾಜು. ತೋಟದ 75 ಎಂಎಂ ಪೈಪ್ ಹಳೆಯದು ಬೇಕಾದಷ್ಟಿದೆ, ಅದನ್ನೇ ಹಾಕಬಹುದೇ?

---

ಮೀಟರ್_ಬೋರ್ಡ್

ಬೇಡ. ಸೆಕೆಂಡಿಗೆ 10 ಲೀಟರ್ ನೀರು 75 ಎಂಎಂ ಪೈಪಿನಲ್ಲಿ 100 ಮೀಟರ್ ಹರಿದರೆ ತಿಕ್ಕಾಟದಲ್ಲೇ 8 ಮೀಟರ್ ಎತ್ತರದ ಬಲ ಹೋಗುತ್ತದೆ, ಇರುವುದೇ 20. 110 ಎಂಎಂ ಹಾಕಿದರೆ ಹೋಗುವುದು ಒಂದೂಕಾಲು ಮೀಟರ್ ಮಾತ್ರ. ಈ ಕೆಲಸದಲ್ಲಿ ದುಡ್ಡು ಹಾಕಬೇಕಾದ ಜಾಗ ಪೈಪೇ.

ಎಷ್ಟು ಕರೆಂಟ್ ಬರುತ್ತದೆಂಬ ಲೆಕ್ಕ ಸರಳ: ಸೆಕೆಂಡಿನ ಲೀಟರ್ ಗುಣಿಸು ಎತ್ತರದ ಮೀಟರ್ ಗುಣಿಸು 9.81, ಅದರ ಅರ್ಧದಷ್ಟು ವ್ಯಾಟ್. 10 ಲೀಟರ್, 20 ಮೀಟರ್ ಅಂದರೆ ಸುಮಾರು ಒಂದು ಕಿಲೋವ್ಯಾಟ್. ಕೇಳಲು ಸಣ್ಣದು, ಆದರೆ ಹಗಲೂ ರಾತ್ರಿ ಓಡುತ್ತದೆ: ದಿನಕ್ಕೆ 24 ಯೂನಿಟ್. ಜುಲೈಯಲ್ಲಿ ಇಷ್ಟನ್ನು ಸೋಲಾರಿನಿಂದ ತೆಗೆಯಲು 12 ಕಿಲೋವ್ಯಾಟ್‌ಗೂ ಮೇಲೆ ಪ್ಯಾನಲ್ ಬೇಕು. 62 ಮನೆಗೆ 7 ವ್ಯಾಟಿನ ಎರಡೆರಡು ಎಲ್‌ಇಡಿ ದೀಪ ಹಾಕಿದರೆ 870 ವ್ಯಾಟ್; ಊರಿನ ದೀಪಕ್ಕೆ ಇದೊಂದೇ ಸಾಕು. ಕೊಡಗು, ಚಿಕ್ಕಮಗಳೂರು, ದಕ್ಷಿಣ ಕನ್ನಡದ ಘಟ್ಟದ ಮನೆಗಳಲ್ಲಿ ಇಂಥ ಒಂದು ಕಿಲೋವ್ಯಾಟ್ ಯಂತ್ರಗಳು ಬಹಳ ಇವೆ. ಮಳೆಗಾಲದಲ್ಲಿ ನೀರು ಹೆಚ್ಚಿದ್ದರೆ ಎರಡನೇ ಪೈಪ್, ಎರಡನೇ ಯಂತ್ರ ಹಾಕಬಹುದು.

ಎತ್ತರವನ್ನು ಅಂದಾಜಿನಲ್ಲಿ ಬಿಡಬೇಡಿ. ಮೇಲಿನಿಂದ ತೋಟದ ಸಣ್ಣ ಪೈಪ್ ಎಳೆದು, ಗಾಳಿ ಉಳಿಯದಂತೆ ನೀರು ತುಂಬಿಸಿ, ಕೆಳತುದಿಗೆ ಪ್ರೆಶರ್ ಗೇಜ್ ಕಟ್ಟಿ ನಲ್ಲಿ ಮುಚ್ಚಿ. ಒಂದು ಬಾರ್ ಅಂದರೆ 10.2 ಮೀಟರ್. ಇಲ್ಲಿ ನಿಮ್ಮ ಹಳೇ ಪೈಪ್ ಕೆಲಸಕ್ಕೆ ಬರುತ್ತದೆ.

ಕೈಕೊಡುವ ಜಾಗಗಳು: ಎಲ್ಲಕ್ಕಿಂತ ಹೆಚ್ಚು ದರಗು. ನೀರು ಹಿಡಿಯುವ ಬಾಯಿಗೆ ನೆಟ್ಟಗೆ ಜಾಲರಿ ಇಟ್ಟರೆ ಗಂಟೆಯೊಳಗೆ ಎಲೆ ಕಟ್ಟುತ್ತದೆ. ಜಾಲರಿಯನ್ನು ಓರೆಯಾಗಿ ಮಲಗಿಸಿ, ಮೇಲಿನಿಂದ ನೀರು ಹರಿದು ಎಲೆಯನ್ನು ತಾನೇ ತಳ್ಳಿಕೊಂಡು ಹೋಗಲಿ. ಅದರ ನಂತರ ಮರಳು ಕೂರಲು ಒಂದು ತೊಟ್ಟಿ, ಇಲ್ಲವಾದರೆ ನೀರು ಬಡಿದು ತಿರುಗುವ ಪೆಲ್ಟನ್ ಚಕ್ರದ ಬಟ್ಟಲುಗಳು ಎರಡು ಮಳೆಗಾಲದಲ್ಲಿ ಸವೆಯುತ್ತವೆ. ಪೈಪಿನ ಬಾಯಿ ತೊಟ್ಟಿಯ ನೀರಿನ ಮಟ್ಟಕ್ಕಿಂತ ಒಂದೂವರೆ ಅಡಿಯಾದರೂ ಕೆಳಗಿರಬೇಕು, ಗಾಳಿ ಎಳೆದರೆ ಚಕ್ರ ಒದರುತ್ತದೆ. ಕೆಳಗಿನ ವಾಲ್ವ್ ನಿಧಾನವಾಗಿ ತಿರುಗುವ ಗೇಟ್ ವಾಲ್ವ್ ಆಗಿರಲಿ; ಹಿಡಿಕೆ ಒಮ್ಮೆಲೆ ಮುಚ್ಚುವ ವಾಲ್ವ್ ಹಾಕಿದರೆ ನೀರಿನ ಹೊಡೆತಕ್ಕೆ ಪೈಪಿನ ಕೀಲು ಬಿಚ್ಚುತ್ತದೆ.

ಇನ್ನೊಂದು, ಲೋಡ್ ಕಂಟ್ರೋಲರ್. ರಾತ್ರಿ ಎಲ್ಲರೂ ದೀಪ ಆರಿಸಿದರೆ ಚಕ್ರಕ್ಕೆ ಹೊರೆಯಿಲ್ಲದೆ ವೇಗ ಏರಿ ವೋಲ್ಟೇಜ್ 300 ದಾಟುತ್ತದೆ, ಉರಿಯುತ್ತಿರುವ ಒಂದೆರಡು ದೀಪ ಸುಟ್ಟವು. ಕಂಟ್ರೋಲರ್ ಆ ಹೆಚ್ಚಿನ ಕರೆಂಟನ್ನು ನೀರು ಕಾಯಿಸುವ ಕಾಯಿಲ್‌ಗೆ ತಿರುಗಿಸುತ್ತದೆ. ಆ ನೀರಿನಲ್ಲಿ ಸೊಸೈಟಿಯ ಕ್ಯಾನ್ ತೊಳೆಯಬಹುದು. ಆದರೆ ಆ ತೊಟ್ಟಿ ಬರಿದಾದರೆ ಕಾಯಿಲ್ ಸುಟ್ಟು ಮತ್ತೆ ಅದೇ ಗತಿ. ನೀರು ತಾನೇ ತುಂಬುವ ಫ್ಲೋಟ್ ವಾಲ್ವ್ ಹಾಕಿ, ಬದಲಿ ಕಾಯಿಲ್ ಒಂದು ಕಪಾಟಿನಲ್ಲಿರಲಿ.

ಈ ಕರೆಂಟನ್ನು ಹೊರಗಿನ ಲೈನಿಗೆ ಎಲ್ಲೂ ಸೇರಿಸಬೇಡಿ. ಪ್ರತಿ ಮನೆಯಲ್ಲೂ ಒಂದು ಅಥವಾ ಇನ್ನೊಂದು ಎಂದು ಬದಲಿಸುವ ಚೇಂಜ್‌ಓವರ್ ಸ್ವಿಚ್ ಬೇಕೇಬೇಕು, ಲೈನ್‌ಮನ್ ಜೀವದ ಪ್ರಶ್ನೆ ಇದು. ಹಳ್ಳದ ಜಾಗ ಅರಣ್ಯಕ್ಕೆ ಸೇರಿದ್ದರೆ ಮೊದಲೇ ಅನುಮತಿ ಪಡೆಯಿರಿ. ಕೆಳಗಿನ ಊರಿನವರ ಜೊತೆಗೂ ಮಾತಾಡಿಕೊಳ್ಳಿ, ನೀರು ಖರ್ಚಾಗುವುದಿಲ್ಲ ನಿಜ, ಆದರೆ ಪೈಪ್ ಓಡುವ 100 ಮೀಟರ್ ಹಳ್ಳ ಒಣಗದಂತೆ ಒಂದು ಪಾಲು ನೀರು ಅಲ್ಲೇ ಹರಿಯಬಿಡಬೇಕು.

---

ಹೊಂಗೆನೆರಳು

ಟಿಲ್ಲರ್ ಬಗ್ಗೆ ಯಾರೂ ಹೇಳಲಿಲ್ಲ. 60 ಎಕರೆ ಗದ್ದೆಗೆ ಎಕರೆಗೆ ಹಂಗಾಮಿಗೆ 10 ಲೀಟರ್ ಎಂದರೆ 600 ಲೀಟರ್ ಡೀಸೆಲ್. ಇದನ್ನು ಪೂರ್ತಿ ಹೊಂಗೆ ಎಣ್ಣೆಯಿಂದ ತುಂಬಲು, ಗಾಣದಲ್ಲಿ ನಾಲ್ಕು ಕಿಲೋ ಬೀಜಕ್ಕೆ ಒಂದು ಲೀಟರ್‌ನಂತೆ, 2,400 ಕಿಲೋ ಬೀಜ ಬೇಕು. ಬೆಳೆದ ಮರಕ್ಕೆ 20 ಕಿಲೋ ಎಂದರೆ 120 ಮರ. ಗದ್ದೆಯಂಚು, ಹಳ್ಳದ ದಂಡೆಯಲ್ಲಿ ಇಂದೇ ನೆಟ್ಟರೂ ಫಸಲಿಗೆ ಆರೇಳು ವರ್ಷ. ಹಾಗಾಗಿ ಸಸಿ ನೆಡುವುದು ಈ ಮುಂಗಾರಿನ ಕೆಲಸ, ಎಣ್ಣೆ ಆಮೇಲಿನ ಮಾತು.

ಹಸಿ ಎಣ್ಣೆಯನ್ನು ನೇರ ಟ್ಯಾಂಕಿಗೆ ಸುರಿಯಬೇಡಿ. ಅದು ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಇಂಜೆಕ್ಟರ್ ಸರಿಯಾಗಿ ಸಿಂಪಡಿಸದೆ ಬಾಯಿಗೆ ಮಸಿ ಕಟ್ಟುತ್ತದೆ, ರಿಂಗ್ ಹಿಡಿಯುತ್ತದೆ. ವಾರವಿಡೀ ತಿಳಿಯಾಗಲು ಬಿಟ್ಟು, 5 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ನಿಧಾನ ಓಡುವ ಹಳೇ ಎಂಜಿನ್‌ನಲ್ಲಿ ನೂರಕ್ಕೆ 20ರಂತೆ ಬೆರೆಸಬಹುದು. ಶುರು ಮಾಡುವಾಗ, ನಿಲ್ಲಿಸುವ ಹತ್ತು ನಿಮಿಷ ಮೊದಲು ಬರೀ ಡೀಸೆಲ್ ಓಡಿಸಿ. ಬಯೋಡೀಸೆಲ್ ಮಾಡುವುದಾದರೆ ಲೀಟರ್ ಎಣ್ಣೆಗೆ 200 ಮಿಲಿ ಮೆಥನಾಲ್ ಬೇಕು. ಅದು ವಿಷ, ಅಲ್ಲದೆ ಪೇಟೆಯಲ್ಲಿ ಸಿಗುವ ಮೆಥನಾಲ್ ಬರುವುದೂ ಹೆಚ್ಚಾಗಿ ಕಲ್ಲಿದ್ದಲು, ನೈಸರ್ಗಿಕ ಅನಿಲದಿಂದಲೇ. ಹಳೇ ಬೀಜದ ಎಣ್ಣೆಯಲ್ಲಿ ಹುಳಿ ಹೆಚ್ಚಿದ್ದರೆ ಬಯೋಡೀಸೆಲ್ ಬದಲು ಸಾಬೂನಾಗುತ್ತದೆ. ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಶುರು ಮಾಡಿದ ಜೈವಿಕ ಇಂಧನ ಉದ್ಯಾನವಿದೆ, ಕೈ ಹಾಕುವ ಮೊದಲು ಇಬ್ಬರು ಹೋಗಿ ನೋಡಿಕೊಂಡು ಬನ್ನಿ.

ಟಿಲ್ಲರ್‌ಗಿಂತ ಮೊದಲು ಬಿಡಿಸಿಕೊಳ್ಳಬಹುದಾದದ್ದು ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ಎಂಜಿನ್. 2 ಎಚ್‌ಪಿ ಮೋಟರ್ ಅದೇ ಕೆಲಸ ಮಾಡುತ್ತದೆ. ಒದ್ದೆ ತೋಟದಲ್ಲಿ ವಯರ್ ಎಳೆಯುವುದರಿಂದ 30 ಮಿಲಿಆಂಪ್‌ಗೆ ಬೀಳುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಇಲ್ಲದೆ ಯಾರೂ ಮೋಟರ್ ಮುಟ್ಟಬಾರದು.

ಗೊಬ್ಬರವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ. 45 ಕಿಲೋ ಚೀಲದಲ್ಲಿ ಸಾರಜನಕ ಸುಮಾರು 20.7 ಕಿಲೋ. ನಾಟಿಗೆ ಮೊದಲು ಡಯಂಚ (ಹಸಿರೆಲೆ ಗೊಬ್ಬರದ ಗಿಡ) ಎಕರೆಗೆ 10-15 ಕಿಲೋ ಬಿತ್ತಿ, 45-50 ದಿನಕ್ಕೆ ಹೂ ಬರುವ ಮುಂಚೆ ಮಗುಚಿದರೆ 25-30 ಕಿಲೋ ಸಾರಜನಕ ನೆಲಕ್ಕೆ ಸೇರುತ್ತದೆ. ತಡ ಮಾಡಿದರೆ ಕಾಂಡ ನಾರಾಗಿ ಟಿಲ್ಲರ್ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ.

---

ಹಳ್ಳದಕೇರಿ

ಕೊನೆಯದಾಗಿ ಒಂದು. ಈ ವರ್ಷ ಮಳೆ ಹಿಡಿಯುವ ಮೊದಲು ಏನೇನು ಮುಗಿಸಿಕೊಳ್ಳಬೇಕು?

---

ಕೊಟ್ಟಿಗೆ_ಗೊಬ್ಬರ

ಫೆಬ್ರವರಿಯಲ್ಲಿ ಐದು ಪ್ಲಾಂಟ್ ಮಾತ್ರ ಶುರು ಮಾಡಿ, ಹದಿನೈದೂ ಅಲ್ಲ. ಕಟ್ಟಲು ಬರುವ ಮೇಸ್ತ್ರಿ ಜೊತೆ ಊರಿನ ಇಬ್ಬರು ಹುಡುಗರನ್ನು ಕೂಲಿ ಕೊಟ್ಟು ನಿಲ್ಲಿಸಿ, ಮುಂದಿನ ಹತ್ತನ್ನು ಅವರೇ ಕಟ್ಟುವಂತಾಗಲಿ. ಪೈಪ್ ಸೋರಿಕೆ, ಜಾಲರಿ ತೊಳೆಯುವುದು, ಕಾಯಿಲ್ ಬದಲಿಸುವುದು ಅವರಿಗೇ ಇರಲಿ; ಮನೆಗೆ ತಿಂಗಳಿಗೆ 100 ರೂಪಾಯಿ ಎತ್ತಿದರೆ 6,200, ಅದರಲ್ಲಿ ಅವರ ಸಂಬಳದ ಒಂದು ಪಾಲು ಮತ್ತು ಬಿಡಿಭಾಗ ಆಗುತ್ತದೆ. ಹಾಲಿನ ಬಿಲ್ಲಿನಲ್ಲೇ ಹಿಡಿದುಕೊಂಡರೆ ಬಾಕಿ ಉಳಿಯುವುದಿಲ್ಲ. ಏಪ್ರಿಲ್‌ನಲ್ಲಿ ಗುಮ್ಮಟಕ್ಕೆ ನೀರು ತುಂಬಿಸಿ ಸೋರಿಕೆ ನೋಡಿ, ಆಮೇಲೆ ಹಳೇ ಪ್ಲಾಂಟಿನ ಬಗ್ಗಡ ಹತ್ತರಲ್ಲೊಂದು ಪಾಲು ಸೇರಿಸಿ ಸಗಣಿ ತುಂಬಿ. ಬಿಸಿಲಿನ ದಿನಗಳಲ್ಲಿ ತುಂಬಿದ್ದು ಮೂರು ವಾರದೊಳಗೆ ಉರಿಯುತ್ತದೆ, ಜೂನ್‌ನಲ್ಲಿ ತುಂಬಿದ್ದು ತಿಂಗಳು ದಾಟಿದರೂ ಸತಾಯಿಸುತ್ತದೆ.

---

ಮೀಟರ್_ಬೋರ್ಡ್

ಹಳ್ಳದ ಕಟ್ಟೆ, ತೊಟ್ಟಿ ಕೆಲಸ ನೀರು ಕಡಿಮೆಯಿರುವ ಮಾರ್ಚ್-ಏಪ್ರಿಲ್‌ನಲ್ಲಿ. ಅದಕ್ಕೆ ಮೊದಲು, ಹಿಂದಿನ ಮಳೆಗಾಲದ ನೆರೆ ಬಂಡೆಯ ಮೇಲೆ ಎಲ್ಲಿಯ ತನಕ ಏರಿತ್ತು ಎಂದು ಪಾಚಿ, ಕಸ ಸಿಕ್ಕಿದ ಗುರುತು ನೋಡಿ, ಯಂತ್ರದ ಮನೆಯನ್ನು ಅದಕ್ಕಿಂತ ನಾಲ್ಕಡಿ ಮೇಲೆ ಕಟ್ಟಿಸಿ. ಪೈಪನ್ನು ಪ್ರತಿ ಮೂರು ಮೀಟರ್‌ಗೆ ಆಧಾರ ಕೊಟ್ಟು, ತಿರುವುಗಳಲ್ಲಿ ಕಾಂಕ್ರೀಟ್ ಗಟ್ಟಿ ಹಾಕಿ, ಮಂಗ ಹಾರದಂತೆ ಸಾಧ್ಯವಿದ್ದಲ್ಲೆಲ್ಲ ಹೂತುಬಿಡಿ. ಲೈನಿನ ಮೂರು ಫೇಸ್ ಹಂಚಿಕೆಗೆ ಅರ್ಜಿಯನ್ನೂ ಈಗಲೇ ಕೊಡಿ, ಮಳೆ ಶುರುವಾದ ಮೇಲೆ ಕಂಬ ಹತ್ತಲು ಯಾರಿಗೂ ಪುರುಸೊತ್ತಿರುವುದಿಲ್ಲ.